ದೋಣಿ ಬಸಣ್ಣನ ದೋಣಿ

ಇವತ್ತು ಬೆಳಿಗ್ಗೆ ನಮ್ಮ ಬೀದಿಗೆ ಡಾಂಬರು ಹಾಕುವವರು ಬಂದರು. ಡ್ರಮ್ಮಿನಲ್ಲಿ ಕುದಿಯುತ್ತಿದ್ದ ಡಾಂಬರಿನ ವಾಸನೆ ಕಿಟಕಿಯಿಂದ ನುಗ್ಗಿದಾಗ ಮನೆಯವರೆಲ್ಲ ಮೂಗು ಮುಚ್ಚಿಕೊಂಡು ಹಿತ್ತಲಿಗೆ ಓಡಿದರು. ನಾನು ಕಾಫಿ ಲೋಟ ಹಿಡಿದು ಮುಂದಿನ ಕಟ್ಟೆಯ ಮೇಲೆ ಹೋಗಿ ಕುಳಿತೆ. "ಏನ್ರೀ, ಆ ಹೊಗೇಲಿ ಹೋಗಿ ಕುಂತೀರಲ್ಲ, ಹುಷಾರಿದೀರಾ?" ಎಂದು ನನ್ನ ಹೆಂಡತಿ ಒಳಗಿನಿಂದಲೇ ಕೂಗಿದಳು. ಏನು ಹೇಳಲಿ? ಕೆಲವರಿಗೆ ಮಲ್ಲಿಗೆಯ ವಾಸನೆ ಬಂದರೆ ಹಳೆಯದೆಲ್ಲ ನೆನಪಾಗುತ್ತದಂತೆ. ನನ್ನ ಹಣೆಯಲ್ಲಿ ಡಾಂಬರು ಬರೆದಿದೆ. ಆ ವಾಸನೆ ಬಂದರೆ ಸಾಕು, ನನಗೆ ಬಸಣ್ಣ ನೆನಪಾಗುತ್ತಾನೆ.

ಬಸಣ್ಣನಿಗೆ ಚನ್ನಗಿರಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇದೆ. ಮೊಳೆ, ಬಣ್ಣ, ಪೈಪು, ತಾಡಪಾಲು, ಗರಗಸ ಎಲ್ಲವೂ ಅಲ್ಲಿ ಸಿಗುತ್ತವೆ. ಊರಿನಲ್ಲಿ ಯಾರು ಏನು ಕಟ್ಟಿದರೂ ಅದರಲ್ಲಿ ಬಸಣ್ಣನ ಅಂಗಡಿಯ ಒಂದು ಮೊಳೆಯಾದರೂ ಇರುತ್ತದೆ. ಬಸಣ್ಣ ಸ್ವತಃ ಏನನ್ನೂ ಕಟ್ಟಿದವನಲ್ಲ. ಆದರೆ ಕಟ್ಟುವ ಮಾತು ಆಡುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಅವನದು ಒಂದೇ ಆಸೆ: ತನ್ನ ಕೈಯಾರೆ ಒಂದು ದೋಣಿ ಮಾಡಿ, ಸೂಳೆಕೆರೆಯಲ್ಲಿ ಈ ದಡದಿಂದ ಆ ದಡಕ್ಕೆ ಹೋಗಬೇಕು. ಗಿರಾಕಿ ಕೀಲು ಕೇಳಲು ಬಂದರೂ ಮಾತು ದೋಣಿಗೆ ಹೋಗುತ್ತಿತ್ತು, ಬೀಗ ಕೇಳಲು ಬಂದರೂ ದೋಣಿಗೇ ಹೋಗುತ್ತಿತ್ತು. ಒಮ್ಮೆ ಅದಕ್ಕೆ ಹಾಯಿ ಇರುತ್ತಿತ್ತು, ಒಮ್ಮೆ ಮೋಟಾರು. ಒಂದು ಬೇಸಿಗೆಯಲ್ಲಂತೂ ನೆರಳಿಗೆಂದು ಚಾವಣಿಯೂ ಬಂದಿತ್ತು. ಕೊನೆಗೆ ಊರಿನವರು ಅವನನ್ನು ದೋಣಿ ಬಸಣ್ಣ ಎಂದೇ ಕರೆಯತೊಡಗಿದರು. ನೋಡಿ, ಲೋಕದಲ್ಲಿ ವಸ್ತು ಮೊದಲು ಬರುತ್ತದೆ, ಹೆಸರು ಆಮೇಲೆ. ಇವನಿಗೆ ಹೆಸರು ಬಂದು ವರ್ಷಗಳಾದರೂ ದೋಣಿ ಬಂದಿರಲಿಲ್ಲ.

"ಇವರ ದೋಣಿ ಬಾಯಾಗೇ ತೇಲಾಡ್ತೈತೆ ಮೇಷ್ಟ್ರೇ, ಪುಣ್ಯಕ್ಕೆ ಮುಳುಗಲ್ಲ," ಎನ್ನುತ್ತಿದ್ದರು ಅವನ ಹೆಂಡತಿ ಗಿರಿಜಕ್ಕ.

ನಾನು ಅವರ ಪಕ್ಕದ ಮನೆಯವನು, ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಬಸಣ್ಣನನ್ನು ನೋಡಿ ನಗುವ ಹಕ್ಕು ನನಗೂ ಅಷ್ಟಾಗಿ ಇರಲಿಲ್ಲ. ನಾವಿಬ್ಬರೂ ಬೆಳಿಗ್ಗೆ ವಾಕಿಂಗ್ ಹೋಗಬೇಕೆಂದು ನಿಶ್ಚಯಿಸಿ, ಅದು ಆರೋಗ್ಯಕ್ಕೆ ಎಷ್ಟು ಒಳ್ಳೆಯದೆಂದು ಬಸ್ ಸ್ಟ್ಯಾಂಡ್ ಬಳಿಯ ಹೋಟೆಲಿನಲ್ಲಿ ಮೆಣಸಿನಕಾಯಿ ಬಜ್ಜಿ ತಿನ್ನುತ್ತ ಮಾತಾಡುತ್ತಿದ್ದವರು. ಮಾಡಬೇಕಾದ ಕೆಲಸದ ಬಗ್ಗೆ ಮಾತಾಡುವುದರಲ್ಲಿ ಎಂಥ ಸುಖವಿದೆ ಎಂಬುದು ನಿಮಗೂ ಗೊತ್ತಿರಬೇಕು. ಬೆವರಿಲ್ಲ, ಗಾಯವಿಲ್ಲ. ಕೇಳುವವರು "ಹೌದಾ, ಭಾರಿ ಆಯ್ತಲ್ಲ!" ಎಂದುಬಿಟ್ಟರೆ ಕೆಲಸ ಮುಗಿದಷ್ಟೇ ತೃಪ್ತಿ. ಮನೆಗೆ ಬಂದು ನೆಮ್ಮದಿಯಾಗಿ ಮಲಗಬಹುದು.

ಹೀಗೇ ನಡೆದುಹೋಗುತ್ತಿತ್ತೋ ಏನೋ. ಅಷ್ಟರಲ್ಲಿ ಬಸಣ್ಣನ ಮಗಳು ಸುಮಾಳನ್ನು ಜಗಳೂರಿಗೆ ಕೊಟ್ಟು ಮದುವೆಯಾಯಿತು. ಅವಳ ಮಾವ ತಿಪ್ಪೇಸ್ವಾಮಿಯವರು ಆ ಬರದ ಸೀಮೆಯಲ್ಲಿ ಮಳೆ ನಂಬಿ ಜೋಳ, ಶೇಂಗಾ ಬೆಳೆಯುವ ರೈತರು. ಎತ್ತರದ ಆಳು, ಬಿಳಿ ರುಮಾಲು, ಮಾತು ಕಡಿಮೆ. ಮದುವೆಯಾದ ಮೇಲೆ ಮೊದಲ ಸಲ ಬೀಗರ ಮನೆಗೆ ಬಂದಾಗ ಬಸಣ್ಣ ಅವರನ್ನು ಸೂಳೆಕೆರೆಗೆ ಕರೆದುಕೊಂಡು ಹೋದ. ನಾನೂ ಜೊತೆಗಿದ್ದೆ. ಅವರು ಕೆರೆ ಏರಿಯ ಮೇಲೆ ನಿಂತು, ಚಪ್ಪಲಿ ಬಿಟ್ಟು, ಬಹಳ ಹೊತ್ತು ನೀರನ್ನೇ ನೋಡಿದರು.

"ಇದಿಷ್ಟೂ ನೀರೇನ್ರೀ ಬೀಗ್ರೇ?"

"ನೀರೇ ಮತ್ತೆ! ಇದನ್ನ ದಾಟಾಕೆ ಅಂತಾನೇ ನಾನೊಂದು ದೋಣಿ ಮಾಡ್ತಾ ಇದೀನಿ," ಎಂದ ಬಸಣ್ಣ, ಉಸಿರಾಡುವಷ್ಟು ಸಲೀಸಾಗಿ.

ಇಲ್ಲಿ ಚನ್ನಗಿರಿಯವರಾದರೆ ನಗುತ್ತಿದ್ದರು. ತಿಪ್ಪೇಸ್ವಾಮಿಯವರು ನಗಲಿಲ್ಲ. ತಿರುಗಿ ಬಸಣ್ಣನ ಮುಖ ನೋಡಿ, "ನಾನು ಹುಟ್ಟಿದಾಗಿಂದ ದೋಣಿ ಹತ್ತಿಲ್ಲ. ನನ್ನೂ ಕೂರಿಸ್ಕಂತೀರಾ?" ಎಂದು ಕೇಳಿದರು.

"ಮೊದ್ಲು ಕೂರೋರೇ ನೀವು!" ಎಂದ ಬಸಣ್ಣ. ಇಷ್ಟು ವರ್ಷದಲ್ಲಿ ಅವನ ದೋಣಿಯಲ್ಲಿ ಜಾಗ ಕೇಳಿದ ಮೊದಲ ಮನುಷ್ಯ ಅವರು.

ಆಮೇಲೆ ಶುರುವಾದದ್ದು ಫೋನು. ವಾರಕ್ಕೊಮ್ಮೆ ಜಗಳೂರಿನಿಂದ ಕರೆ ಬರುತ್ತಿತ್ತು. ಮಳೆ, ಬೆಳೆ, ಮಕ್ಕಳ ಯೋಗಕ್ಷೇಮ ಎಲ್ಲ ಮುಗಿದ ಮೇಲೆ ಕೊನೆಯ ಪ್ರಶ್ನೆ: "ದೋಣಿ ಎಲ್ಲಿಗೆ ಬಂತು ಬೀಗ್ರೇ?" ಬಸಣ್ಣ ಒಂದು ಕೈಯಲ್ಲಿ ಮೊಳೆ ತೂಗುತ್ತ, "ಹಲಗೆ ಕೊಯ್ಸಿದೀನಿ," ಎನ್ನುತ್ತಿದ್ದ. ಮುಂದಿನ ವಾರ, "ತಳ ಆತು." ಅದರ ಮುಂದಿನ ವಾರ, "ಪಕ್ಕೆ ಕೂರಿಸ್ತಾ ಇದೀನಿ." ದೋಣಿ ಎಷ್ಟು ಚುರುಕಾಗಿ ಬೆಳೆಯಿತೆಂದರೆ, ಕೇಳುತ್ತ ಕೂತ ನನಗೇ ಒಮ್ಮೆ ಹಿತ್ತಲಿಗೆ ಹೋಗಿ ನೋಡಿಬರೋಣ ಅನ್ನಿಸಿಬಿಟ್ಟಿತು.

ಒಂದು ದಿನ ಸುಮಾ ನನಗೆ ಫೋನ್ ಮಾಡಿದಳು. ಅವಳು ನನ್ನ ವಿದ್ಯಾರ್ಥಿನಿಯೂ ಹೌದು. "ಸರ್, ನಮ್ಮ ಮಾವ ಊರಿಗೆಲ್ಲ ಹೇಳ್ಕಂಡ್ ಬಂದಾರೆ, ನಮ್ಮ ಬೀಗರು ದೋಣಿ ಕಟ್ತಾ ಇದಾರೆ ಅಂತ. ಈ ಮನೇಲಿ ಮಾಡ್ತೀನಿ ಅಂದ್ರೆ ಮಾಡಿದಂಗೇ ಲೆಕ್ಕ ಸರ್. ನಾಳೆ ನಿಜ ಗೊತ್ತಾದ್ರೆ ನನ್ನ ಮಾತನ್ನೂ ಹಂಗೇ ತಿಳ್ಕಂತಾರೆ. ಅಪ್ಪಾಜಿಗೆ ನೀವಾದ್ರೂ ಹೇಳ್ರಿ." ಹೇಳಿದೆ. ಬಸಣ್ಣ ಮೊದಲು ನಕ್ಕ. ಆಮೇಲೆ ನಗು ಎಲ್ಲೋ ಸಿಕ್ಕಿಹಾಕಿಕೊಂಡವನಂತೆ ಬಣ್ಣದ ಡಬ್ಬಗಳನ್ನು ಸುಮ್ಮಸುಮ್ಮನೆ ಆಚೀಚೆ ಇಟ್ಟ.

ಸುಗ್ಗಿ ಮುಗಿದ ಮೇಲೆ ತಿಪ್ಪೇಸ್ವಾಮಿಯವರು ಬಂದೇಬಿಟ್ಟರು. ಹೆಗಲ ಮೇಲೆ ದೊಡ್ಡ ಸುರುಳಿ. ಪಡಸಾಲೆಯಲ್ಲಿ ಅದನ್ನು ಇಳಿಸಿದರು. ಹೊಲದ ಬದುವಿನ ಕತ್ತಾಳೆಯನ್ನು ಕೊಯ್ದು, ಕೊಳೆಹಾಕಿ, ಜಜ್ಜಿ, ನಾರು ತೆಗೆದು, ತಾವೇ ಕೂತು ಹೊಸೆದ ಹಗ್ಗ. ಹೊಸ ಬೆಣ್ಣೆಯ ಬಣ್ಣ, ಹೆಬ್ಬೆರಳಿನ ದಪ್ಪ.

"ದೋಣಿ ಅಂದ್ಮೇಲೆ ಕಟ್ಟಾಕೆ ಹಗ್ಗ ಬೇಕಲ್ರೀ. ಅಂಗಡಿ ಹಗ್ಗ ನೀರಾಗೆ ನಿಲ್ಲಲ್ಲ," ಎಂದರು. ಆಮೇಲೆ ಸುತ್ತ ನೋಡಿ, "ಎಲ್ಲೈತೆ?"

ಗಿರಿಜಕ್ಕ ನೀರು ತರುವ ನೆವದಲ್ಲಿ ಒಳಗೆ ಹೋದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ಓದತೊಡಗಿದೆ. ಬಸಣ್ಣ ಹಗ್ಗವನ್ನು ನೋಡಿದ, ಬೀಗರನ್ನು ನೋಡಿದ, "ಹೊನ್ನಾಳಿಗೆ ಕಳಿಸಿದೀನಿ ಬೀಗ್ರೇ, ಡಾಂಬರು ಬಳಿಸಾಕೆ," ಎಂದ.

"ಹಂಗಾದ್ರೆ ನಾಳೆ ಹೋಗಿ ನೋಡ್ಕಂಡ್ ಬರಾಣ."

ಸುಳ್ಳು ಹೇಳುವವನಿಗೆ ಎದುರು ವಾದ ಮಾಡುವವನು ಸಿಕ್ಕರೆ ಕಷ್ಟವಿಲ್ಲ. ನಂಬುವವನು ಸಿಕ್ಕರೆ ಮುಗಿಯಿತು.

ಮರುದಿನ ಮೂವರೂ ಹೊನ್ನಾಳಿ ಬಸ್ಸು ಹತ್ತಿದೆವು. ನನ್ನನ್ನು ಬಸಣ್ಣ ಎಳೆದುಕೊಂಡು ಹೊರಟದ್ದು, ಆಪತ್ತಿಗೆ ಒಬ್ಬರಿರಲಿ ಎಂದು. ದಾರಿಯುದ್ದಕ್ಕೂ ಅವನು ಬಸ್ಸು ಕೆಟ್ಟು ನಿಲ್ಲಲಿ ಎಂದು ಹಾರೈಸುತ್ತಿದ್ದನೆಂದು ಕಾಣುತ್ತದೆ. ಎಂದೂ ಇಲ್ಲದ ಹಾಗೆ ಅವತ್ತು ಬಸ್ಸು ಓಡಿದ್ದೇ ಓಡಿದ್ದು. ಹೊನ್ನಾಳಿಯಲ್ಲಿ ಇಳಿದು ಹೊಳೆಯ ದಡಕ್ಕೆ ಬಂದೆವು. ತುಂಗಭದ್ರೆ ಬಿಸಿಲಲ್ಲಿ ಹೊಳೆಯುತ್ತಿದ್ದಳು. ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ದೋಣಿ ಇರಲಿಲ್ಲ.

ಬಸಣ್ಣ ಕಲ್ಲಿನ ಮೇಲೆ ಕುಳಿತ. "ಬೀಗ್ರೇ, ದೋಣಿ ಇಲ್ಲ," ಎಂದ.

"ಯಾರಾದ್ರೂ ತಗಂಡ್ ಹೋದ್ರೇನ್ರೀ?"

"ಇಲ್ಲ. ನಾನು ಮಾಡೇ ಇಲ್ಲ. ಒಂದು ಹಲಗೇನೂ ಕೊಯ್ಸಿಲ್ಲ. ಬರೀ ಮಾತಾಡಿದೀನಿ, ಅಷ್ಟೇ."

ತಿಪ್ಪೇಸ್ವಾಮಿಯವರು ರುಮಾಲು ಬಿಚ್ಚಿ ಮುಖ ಒರೆಸಿಕೊಂಡರು. ಮತ್ತೆ ನಿಧಾನವಾಗಿ ಸುತ್ತಿಕೊಂಡರು. ಅವರ ಕಣ್ಣಿನಲ್ಲಿ ಇದ್ದದ್ದು ಸಿಟ್ಟೋ ಬೇಸರವೋ ನನಗೆ ತಿಳಿಯಲಿಲ್ಲ. ಬಸಣ್ಣನ ಕಿವಿ ಕೆಂಪಾಗಿದ್ದವು. ಮಗಳ ಮನೆಯ ಬಾಗಿಲು ತನಗೆ ಇವತ್ತೇ ಮುಚ್ಚಿತು ಎಂದುಕೊಂಡನಂತೆ, ಆಮೇಲೆ ಹೇಳಿದ.

"ಊರಾಗೆ ಹೇಳಿ ಬಂದೀನಿ, ದೋಣಿ ಹತ್ತಿ ಬರ್ತೀನಿ ಅಂತ," ಎಂದರು ತಿಪ್ಪೇಸ್ವಾಮಿಯವರು ಕೊನೆಗೆ. "ಹಂಗೇ ವಾಪಸ್ ಹೋಗಾಕೆ ಆಗಲ್ಲ. ಹೆಂಗೂ ಹೊಳೆ ದಂಡೆಗೆ ಬಂದೀವಿ. ದೋಣಿ ಮಾಡೋರು ಯಾರಾದ್ರೂ ಇರ್ತಾರೆ. ಎದ್ದೇಳ್ರಿ, ಕೇಳಾಣ."

ಬಸಣ್ಣ ಅವರ ಮುಖವನ್ನೇ ನೋಡಿದ. ಬಯ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಈಗ ಕಲ್ಲು ಬಿಟ್ಟೆದ್ದು ಅವರ ಹಿಂದೆ ನಡೆದ.

ಕೇಳುತ್ತ ಕೇಳುತ್ತ ನ್ಯಾಮತಿ ಕಡೆಯ ಗೋವಿನಕೋವಿಗೆ ಹೋದೆವು. ಅಲ್ಲಿ, ಸೇತುವೆಗಳು ಬರುವ ಮುಂಚೆ ಹೊಳೆ ದಾಟಿಸುತ್ತಿದ್ದ ಮನೆತನದ ಒಬ್ಬ ಅಜ್ಜ ಸಿಕ್ಕರು. ಹಲಗೆಯ ದೋಣಿಯಲ್ಲ, ಅವರಿಗೆ ಬರುತ್ತಿದ್ದದ್ದು ಬಿದಿರಿನ ಹರಿಗೋಲು, ಅಂದರೆ ಮನುಷ್ಯರು ಕೂರುವಷ್ಟು ದೊಡ್ಡ ದುಂಡನೆಯ ಬುಟ್ಟಿ. ಹಾಯಿ, ಮೋಟಾರು, ಚಾವಣಿಗಳ ಕನಸು ಕಂಡವನು ಬುಟ್ಟಿಗೆ ಒಪ್ಪಿದ. ಅಜ್ಜನ ವಿಶೇಷ ಏನೆಂದರೆ, ಅವರು ಬಸಣ್ಣನಿಗಿಂತ ದೊಡ್ಡ ಮಾತುಗಾರರು. ತಾವು ಮಹಾಪೂರದಲ್ಲಿ ಮದುವೆ ದಿಬ್ಬಣವನ್ನು ದಾಟಿಸಿದ್ದು, ಎಮ್ಮೆಯನ್ನು ದಾಟಿಸಿದ್ದು, ಆ ಎಮ್ಮೆ ನಡುಹೊಳೆಯಲ್ಲಿ ಕರು ಹಾಕಿದ್ದು, ಎಲ್ಲವನ್ನೂ ಹೇಳುತ್ತಿದ್ದರು. ಆದರೆ ಹೇಳುವಾಗ ಅವರ ಬೆರಳು ಬಿದಿರಿನ ಸೀಳುಗಳ ನಡುವೆ ಓಡಾಡುತ್ತಲೇ ಇರುತ್ತಿದ್ದವು. ಎಮ್ಮೆ ದಡ ಸೇರುವಷ್ಟರಲ್ಲಿ ಬುಟ್ಟಿಗೆ ಒಂದು ಸುತ್ತು ಹೆಣಿಗೆ ಬಿದ್ದಿರುತ್ತಿತ್ತು. ಬಸಣ್ಣ ಮಾತಿಗೆ ಬಾಯಿ ತೆರೆದರೆ ಕೈ ನಿಲ್ಲುತ್ತಿತ್ತು. ಆಗ ಅಜ್ಜ, "ಮಾತು ಬೇಕಾದಷ್ಟು ಆಡಪ್ಪ, ಕೈಗೆ ಯಾಕೆ ಕೇಳಿಸ್ತೀಯ?" ಎಂದು ರೇಗಿಸುತ್ತಿದ್ದರು.

ಬೀಗರಿಬ್ಬರೂ ಅಜ್ಜನ ಜಗಲಿಯ ಮೇಲೆ ಉಳಿದು ಕಲಿತರು. ನಾನು ರಜೆ ಸಿಕ್ಕಾಗೆಲ್ಲ ಹೋಗಿ ಸಲಹೆ ಕೊಟ್ಟು ಬರುತ್ತಿದ್ದೆ. ಸಲಹೆ ಯಾರಿಗೂ ಬೇಕಿರಲಿಲ್ಲ ಎನ್ನುವುದು ಬೇರೆ ಮಾತು. "ಮನೆಗೆ ಬಂದ ಬೀಗರ ಕೈಲಿ ಬಿದಿರು ಸೀಳಿಸ್ತೀರಲ್ಲ, ನಾಚ್ಕೆ ಆಗಲ್ವಾ?" ಎಂದು ಗಿರಿಜಕ್ಕ ಫೋನಿನಲ್ಲಿ ಜಾಡಿಸಿದರು. ಜಾಡಿಸಿದ ಮರುದಿನವೇ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ನನ್ನ ಕೈಯಲ್ಲಿ ಕಳಿಸಿದರು. ಮೊದಲ ಬುಟ್ಟಿ ಸೊಟ್ಟಗಾಗಿ ಅಜ್ಜನ ಕೋಳಿಗಳ ಪಾಲಾಯಿತು. ಬಸಣ್ಣನ ಅಂಗೈ ತುಂಬ ಸಿಬಿರು. ಬಿಟ್ಟು ಓಡಿಹೋಗಬೇಕೆಂದು ಅವನಿಗೆ ಅನ್ನಿಸದೆ ಇರಲಿಲ್ಲ. ಆದರೆ ಬೆಳಿಗ್ಗೆ ಎದ್ದರೆ ತಿಪ್ಪೇಸ್ವಾಮಿಯವರು ಆಗಲೇ ಕೂತು ಬಿದಿರು ಸೀಳುತ್ತಿರುತ್ತಿದ್ದರು. ಅವರೆದುರು ಓಡುವುದಾದರೂ ಹೇಗೆ?

ಎರಡನೆಯದು ನೆಟ್ಟಗಾಯಿತು. ಅದಕ್ಕೆ ತನ್ನ ಅಂಗಡಿಯ ತಾಡಪಾಲನ್ನೇ ಹೊದಿಸಿ, ಬಸಣ್ಣ ತಾನೇ ಡಾಂಬರು ಕಾಯಿಸಿ ಬಳಿದ. ನನ್ನ ಒಂದು ಒಳ್ಳೆಯ ಅಂಗಿಯೂ ಅವತ್ತು ಡಾಂಬರು ಕುಡಿಯಿತು.

ಹರಿಗೋಲನ್ನು ಸೂಳೆಕೆರೆಗೆ ಇಳಿಸಿದ ದಿನ ಮೀನು ಹಿಡಿಯುವವರೊಬ್ಬರು ತಮ್ಮ ತೆಪ್ಪದಲ್ಲಿ ಪಕ್ಕದಲ್ಲೇ ಬರುವುದಾಗಿ ಒಪ್ಪಿದ್ದರು, ಬೀಗರಿಬ್ಬರಿಗೂ ಲೈಫ್ ಜಾಕೆಟ್ಟನ್ನೂ ತಂದುಕೊಟ್ಟಿದ್ದರು. ಬಿಳಿ ರುಮಾಲಿನ ಕೆಳಗೆ ಕಿತ್ತಳೆ ಬಣ್ಣದ ಜಾಕೆಟ್ಟು ತೊಟ್ಟ ತಿಪ್ಪೇಸ್ವಾಮಿಯವರನ್ನು ನೋಡಿ, ಜಗಳೂರಿನಿಂದ ಬಂದಿದ್ದ ಸುಮಾ ನಗು ತಡೆಯಲಾರದೆ ಸೆರಗು ಕಚ್ಚಿಕೊಂಡಳು. ಏರಿಯ ಮೇಲೆ ಅರ್ಧ ಚನ್ನಗಿರಿ ನೆರೆದಿತ್ತು. ಮುಳುಗುವುದನ್ನು ನೋಡಲು ಬಂದವರೇ ಹೆಚ್ಚು.

ಬಸಣ್ಣ ಹುಟ್ಟು ಹಾಕಿದ. ಹರಿಗೋಲು ಮುಂದೆ ಹೋಗುವ ಬದಲು ಸುಮ್ಮನೆ ಬುಗುರಿಯಂತೆ ತಿರುಗಿತು. ಜನ ಹೋ ಎಂದರು. ಮತ್ತೆ ಹಾಕಿದ, ಮತ್ತೆ ತಿರುಗಿತು. ಅವನ ಮುಖ ಬಿಗಿಯಾಯಿತು. ಎರಡೂ ಮಂಡಿ ಊರಿ, ಅಜ್ಜ ಹೇಳಿದಂತೆ ಎದುರಿನ ನೀರನ್ನು ತನ್ನೆಡೆಗೆ ಎಳೆದುಕೊಂಡ. ಹರಿಗೋಲು ಹೊರಳಾಡುತ್ತ, ತೂಗಾಡುತ್ತ ದಡ ಬಿಟ್ಟಿತು. ಏರಿಯ ಮೇಲೆ ಸದ್ದು ನಿಂತಿತು. ನೀರಿನ ಮೇಲಿಂದ ಒಂದೇ ದನಿ ಕೇಳುತ್ತಿತ್ತು, ಅದೂ ಬಸಣ್ಣನದಲ್ಲ. ಮಾತು ಕಡಿಮೆ ಎಂದುಕೊಂಡಿದ್ದ ತಿಪ್ಪೇಸ್ವಾಮಿಯವರು, "ಅಲ್ನೋಡ್ರಿ ಹಕ್ಕಿ! ಅಡಿಯಾಗೆ ನೋಡ್ರಿ, ಮೀನು! ಹೋ, ಹೋ, ನಾವು ನೀರಿನ ಮ್ಯಾಲೆ ಇದೀವಲ್ರೀ ಬೀಗ್ರೇ!" ಎಂದು ಮಕ್ಕಳ ಹಾಗೆ ಕೂಗುತ್ತಿದ್ದರು. ಬಸಣ್ಣ ಒಂದು ಮಾತೂ ಆಡಲಿಲ್ಲ. ಅವನಿಗೆ ಪುರುಸೊತ್ತಿರಲಿಲ್ಲ.

ಆ ದಡವನ್ನು ಅವರು ಮುಟ್ಟಲಿಲ್ಲ. ಕೆರೆಯ ಕಾಲುಭಾಗವೂ ದಾಟಿರಲಿಲ್ಲ, ಒಂದು ಕಡೆ ನೀರು ಜಿನುಗಿತು. ತಿಪ್ಪೇಸ್ವಾಮಿಯವರು ಬೊಗಸೆಯಲ್ಲಿ ಮೊಗೆದು ಹೊರಗೆ ಚೆಲ್ಲುತ್ತ ಹಿಂದಿರುಗಿದರು. ದಡದಲ್ಲಿ ಬೆಣ್ಣೆಬಣ್ಣದ ಆ ಹಗ್ಗದಿಂದ ಹರಿಗೋಲನ್ನು ಕಲ್ಲಿಗೆ ಕಟ್ಟಿದರು. ಜನ ಗೇಲಿ ಮಾಡಬೇಕೋ ಚಪ್ಪಾಳೆ ತಟ್ಟಬೇಕೋ ತಿಳಿಯದೆ ನಿಂತಿದ್ದಾಗ ಗಿರಿಜಕ್ಕ ಏರಿಯಿಂದ ಇಳಿದು ಬಂದರು. ಬೀಗರ ಜಾಕೆಟ್ಟನ್ನು ಕೇಳಿ ಇಸಿದುಕೊಂಡರು. ಸೀರೆ ಎತ್ತಿ ಸಿಕ್ಕಿಸಿ ಹರಿಗೋಲಿನಲ್ಲಿ ಕಾಲಿಟ್ಟರು.

"ನೀರು ಬರ್ತೈತೆ ಕಣೇ," ಎಂದ ಬಸಣ್ಣ.

"ಬರ್ಲಿ. ನಾನು ಮೊಗೀತೀನಿ. ನೀವು ನಡೆಸ್ರಿ," ಎಂದರು ಗಿರಿಜಕ್ಕ.

ಆ ಹೊತ್ತಿನ ಬಸಣ್ಣನ ಮುಖವನ್ನು ನಿಮಗೆ ಹೇಗೆ ಹೇಳಲಿ? ಕನ್ನಡ ಹೇಳಿಕೊಡುವವನು ನಾನು. ಆದರೂ ಪದ ಸಿಕ್ಕಿಲ್ಲ.

ಈಗಲೂ ಮಳೆಗಾಲ ಮುಗಿದ ಮೇಲೆ ತಿಪ್ಪೇಸ್ವಾಮಿಯವರು ಜಗಳೂರಿನಿಂದ ಬರುತ್ತಾರೆ, ಬೀಗರಿಬ್ಬರೂ ಕೆರೆಗೆ ಹೋಗುತ್ತಾರೆ. ಆ ದಡ ಇನ್ನೂ ಸಿಕ್ಕಿಲ್ಲವಂತೆ. ಅವರಿಗೇನೂ ಅವಸರವಿದ್ದಂತಿಲ್ಲ.

ಡಾಂಬರಿನವರು ಮಧ್ಯಾಹ್ನ ಹೊರಟುಹೋದರು. ಸಂಜೆ ನಾನು ಬಸಣ್ಣನ ಮನೆಗೆ ಹೋದೆ. ಹಿತ್ತಲಿನ ಶೆಡ್ಡಿನ ಬಾಗಿಲು ಹಾಕಿತ್ತು, ಒಳಗೆ ಮರ ಹೆರೆಯುವ ಉಜ್ಜುಗೊರಡಿನ ಸದ್ದು. "ಒಂದು ತಿಂಗಳಾತು ಮೇಷ್ಟ್ರೇ, ಏನು ಮಾಡ್ತಾರೋ ಗೊತ್ತಿಲ್ಲ. ಕೇಳಿದ್ರೆ ಬಾಯಿ ಬಿಡಲ್ಲ. ಡಾಕ್ಟ್ರಿಗೆ ತೋರಿಸ್ಬೇಕೇನೋ," ಎಂದರು ಗಿರಿಜಕ್ಕ, ನಗು ಅಡಗಿಸಿಕೊಂಡು. ಬಾಗಿಲು ತಟ್ಟಿದೆ. ಕೂದಲಿನ ತುಂಬ ಮರದ ಹೊಟ್ಟು ಅಂಟಿಸಿಕೊಂಡು ಬಸಣ್ಣ ತಲೆ ಹೊರಗೆ ಹಾಕಿದ.

"ಏನು ಮಾಡ್ತಾ ಇದೀರಿ?"

"ಆದ್ಮೇಲೆ ಹೇಳ್ತೀನಿ ಮೇಷ್ಟ್ರೇ," ಎಂದು ಬಾಗಿಲು ಹಾಕಿಕೊಂಡ.

ನಾನು ಅವನಿಗೆ ಒಂದು ಸಂಗತಿ ಹೇಳಬೇಕೆಂದು ಹೋಗಿದ್ದೆ. ಬಹಳ ದಿನದಿಂದ ಮನಸ್ಸಿನಲ್ಲಿದ್ದ ಒಂದು ಕೆಲಸ, ಇವತ್ತು ಅದರ ನಕ್ಷೆಯೆಲ್ಲ ಸಿದ್ಧವಾಗಿತ್ತು, ಕೇಳುವವರು ಬೇಕಿತ್ತು. ಮುಚ್ಚಿದ ಬಾಗಿಲ ಮುಂದೆ ಒಂದು ಗಳಿಗೆ ನಿಂತು ವಾಪಸು ಬಂದೆ. ಮನೆಯಲ್ಲಿ ಹೆಂಡತಿ, "ಏನೋ ಹೇಳ್ಬೇಕು ಅಂತ ಹೋಗಿದ್ರಲ್ಲ, ಏನದು?" ಎಂದಳು. ಬಾಯಿಯ ತುದಿಯವರೆಗೆ ಬಂತು. ನುಂಗಿಕೊಂಡು, ಅಂಗಿಯ ತೋಳು ಮಡಚಿ, ಒಳಗೆ ಹೋಗಿ ಆ ಕೆಲಸಕ್ಕೇ ಕುಳಿತೆ. ನೀವೂ ಕೇಳಬೇಡಿ.