ಹನ್ನೆರಡರಿಂದ ಮೂರು

ಅವರ ಕತ್ತಿನ ಹಿಂದೆ, ಬೆನ್ನು ಶುರುವಾಗುವಲ್ಲಿ, ನಿಂಬೆಹಣ್ಣಿನ ಗಾತ್ರದ ಒಂದು ಗಂಟಿತ್ತು. ಮೂವತ್ತು ವರ್ಷ ಚೀಲ ಕೂತ ಜಾಗ. ಕಾಲರು ತಾಗಿದರೆ ನೋಯುತ್ತದೆಂದು ಅದನ್ನು ಕತ್ತರಿಸಿ ತೆಗೆದ ಅಂಗಿಗಳನ್ನೇ ಹಾಕುತ್ತಿದ್ದರು. ನಾನು ಗುಮಾಸ್ತನಾಗಿರುವ ನ್ಯಾಮತಿಯ ಮೆಕ್ಕೆಜೋಳದ ಮಂಡಿಯಲ್ಲಿ ಅವರು ಹಮಾಲರ ಮೇಸ್ತ್ರಿ. ನನ್ನನ್ನು ಕಂಡಾಗಲೆಲ್ಲ, "ಏನ್ರೀ ಗುಮಾಸ್ತ್ರೇ, ಫ್ಯಾನು ಚೆನ್ನಾಗಿ ತಿರುಗ್ತೈತಾ?" ಎಂದು ಕೆಣಕುವರು.

ಲಾರಿ ಬಂದರೆ ಮೊದಲು ಹತ್ತುವವರು ಅವರೇ. ತಳದ ಕಬ್ಬಿಣಕ್ಕೆ ಅಂಗೈ ಒತ್ತಿ ಐದು ಎಣಿಸುವರು. ಅಷ್ಟರೊಳಗೆ ಕೈ ತೆಗೆಯಬೇಕಾಗಿ ಬಂದರೆ, ನೀರು ಹೊಯ್ದು ಗೋಣಿ ಹಾಸುವ ತನಕ ಯಾರನ್ನೂ ಹತ್ತಿಸುತ್ತಿರಲಿಲ್ಲ. ಡ್ರೈವರ್ ಹಾರ್ನ್ ಹೊಡೆದರೆ, "ಬಾರಪ್ಪ, ನೀನೂ ಚಪ್ಪಲಿ ಬಿಟ್ಟು ನಿಂತ್ಕೊ" ಅನ್ನುವರು. ಭೂಮಿ ಬಿಸಿಯಾಗುತ್ತಿದೆ, ಅದಕ್ಕೆ ನಾವೆಲ್ಲರೂ ಹೊಣೆ ಎಂದು ಟೀವಿಯಲ್ಲಿ ಕೇಳಿದ್ದನ್ನು ಒಮ್ಮೆ ಅವರಿಗೆ ಹೇಳಿದೆ. ನಕ್ಕುಬಿಟ್ಟರು. "ನಾವೆಲ್ಲ ಅಂದ್ರೆ ಯಾರ್ರೀ? ನನ್ನ ಮನೇಲಿ ಇರೋದು ಎರಡು ಬಲ್ಬು. ಕಾಯಿಸ್ದೋರು ಯಾರೋ, ಬೇಯೋರು ನಾವು."

ಒಂದು ಏಪ್ರಿಲ್ ಮಧ್ಯಾಹ್ನ, ತಗಡಿನ ಗೋದಾಮಿನಲ್ಲಿ ಚೀಲ ಹೊತ್ತಿದ್ದ ಹಮಾಲನೊಬ್ಬ ಹಾಗೇ ಕುಸಿದ. ಸಾಹುಕಾರರು ಬಾಗಿಲಲ್ಲೇ ನಿಂತು, "ಕುಡ್ಕೊಂಡು ಬಂದಿರ್ಬೇಕು, ನೀರು ಹೊಡೀರಿ" ಎಂದರು. ಆತ ಜನ್ಮದಲ್ಲಿ ಕುಡಿದವನಲ್ಲ. ಬದುಕಿಕೊಂಡ, ಆದರೆ ಮತ್ತೆ ಚೀಲ ಎತ್ತಲಿಲ್ಲ. ಮಾರನೆಯ ದಿನ ಮೇಸ್ತ್ರಿ ನನ್ನೆದುರು ಬಂದು ಕೂತರು.

"ಬೇಸಿಗೇಲಿ ಹನ್ನೆರಡರಿಂದ ಮೂರು ಗಂಟೆ ತನಕ ಲೋಡಿಂಗ್ ಬ್ಯಾಡ. ಬೆಳಗ್ಗೆ ಬೇಗ ಬರ್ತೀವಿ, ಸಂಜೆ ಇದ್ದು ಮುಗಿಸ್ಕೊಡ್ತೀವಿ. ಇಷ್ಟನ್ನ ಅರ್ಜಿ ಬರ್ಕೊಡ್ರಿ."

ಬರೆದೆ. ಹುಮ್ಮಸ್ಸಿನಲ್ಲಿ, ಯಾವ ಯಾವ ದಿನ ಎಷ್ಟು ಹೊತ್ತಿನಲ್ಲಿ ಲಾರಿ ತುಂಬಿಸಿದರು ಎಂಬುದನ್ನೂ ಸೇರಿಸಿದೆ. ಅಕ್ಷರ ಗುರುತು ಸಿಗಬಾರದೆಂದು ಜೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡಿಸಿದೆ. ಹಮಾಲರೆಲ್ಲ ಹೆಬ್ಬೆಟ್ಟು ಒತ್ತಿದರು.

ಅರ್ಜಿ ಅಧಿಕಾರಿಗಳಿಗೆ ಹೋಯಿತು. ವಾರದೊಳಗೆ ಅದರ ನಕಲು ಸಾಹುಕಾರರ ಮೇಜಿನ ಮೇಲಿತ್ತು. ಲಾರಿಗಳ ಹೊತ್ತು ಓದಿದ ಕೂಡಲೇ, ಹೆಬ್ಬೆಟ್ಟು ಹಮಾಲರದಾದರೂ ಬರೆದವನು ಮಂಡಿಯ ಒಳಗಿನ ಓದುಬರಹದವನೇ ಎಂದು ಅವರಿಗೆ ತಿಳಿಯಿತು. ಮೇಸ್ತ್ರಿಯನ್ನು ಕರೆಸಿದರು. ನಾನು ಪಕ್ಕದ ಮೇಜಿನಲ್ಲೇ ಕೂತಿದ್ದೆ.

"ಯಾರು ಬರೆದಿದ್ದು ಇದನ್ನ?"

"ನಾನೇ."

"ನೀನಾ? ತಗೋ ಪೆನ್ನು. ನಿನ್ನ ಹೆಸರು ಬರಿ, ನೋಡಾಣ."

ಅವರು ಪೆನ್ನನ್ನು ಚೀಲದ ಕೊಕ್ಕೆ ಹಿಡಿದಂತೆ ಮುಷ್ಟಿಯಲ್ಲಿ ಹಿಡಿದರು. ಒತ್ತಿದ ರಭಸಕ್ಕೆ ಕಾಗದ ಹರಿಯಿತು. ಸುತ್ತ ನಿಂತಿದ್ದ ವ್ಯಾಪಾರಿಗಳು ಗೊಳ್ಳೆಂದು ನಕ್ಕರು.

"ಬರೆದೋನ ಹೆಸರು ಹೇಳು, ನಾಳೆಯಿಂದ ಎಂದಿನಂಗೆ ಕೆಲಸಕ್ಕೆ ಬಾ."

"ನಾನೇ ರೀ ಸಾವ್ಕಾರ್ರೇ. ಬರೆಯಾಕೆ ಬರಲ್ಲ, ಅಷ್ಟೇ."

ತಪ್ಪಿಯೂ ನನ್ನ ಕಡೆ ನೋಡಲಿಲ್ಲ. ಸಂಸಾರವಿತ್ತು, ಮಕ್ಕಳಿದ್ದರು ಎಂದು ನಾನು ಈಗ ಏನು ಬೇಕಾದರೂ ಹೇಳಬಹುದು. ನಾನು ಪುಕ್ಕಲ, ಅದಕ್ಕೇ ಏಳಲಿಲ್ಲ.

ಅಂದಿನಿಂದ ಮಂಡಿಯ ಗೇಟು ಅವರಿಗೆ ಮುಚ್ಚಿತು. ಮಧ್ಯಾಹ್ನದ ಲೋಡಿಂಗ್ ಮಾತ್ರ ಒಂದು ದಿನವೂ ನಿಲ್ಲಲಿಲ್ಲ. ಅವರು ದಿನಾ ಬಸ್ಸು ಹತ್ತಿ ಹೊನ್ನಾಳಿಗೆ ಹೋಗಿ ಸಿಕ್ಕ ಕೆಲಸ ಮಾಡತೊಡಗಿದರು. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಕ್ಷಮೆ ಕೇಳಲು ಬಾಯಿ ತೆರೆದೆ. ಅವರೇ ತಡೆದರು. "ಬಿಡ್ರೀ. ನೀವು ಒಳಗಿದ್ರೆ ಇನ್ನೊಂದು ಅರ್ಜಿ ಬರೆಯಾಕೆ ಒಬ್ರಾದ್ರೂ ಇದ್ದಂಗಾತು."

ಇನ್ನೊಂದು ಅರ್ಜಿಯಂತೆ! ನಾನು ಬರೆಯಲಿಲ್ಲ.

ಮರುವರ್ಷ ಮೇ ತಿಂಗಳಲ್ಲಿ ಮೇಸ್ತ್ರಿ ಹೊನ್ನಾಳಿಯಲ್ಲಿ ಸಿಮೆಂಟು ಇಳಿಸುತ್ತಲೇ ಬಿದ್ದರು. ಮಧ್ಯಾಹ್ನ ಒಂದೂವರೆಯಂತೆ. ಮತ್ತೆ ಏಳಲಿಲ್ಲ. ಹದಿನೈದು ದಿನ ಕಳೆದು ಅವರ ಹೆಂಡತಿ ಮಂಡಿಗೆ ಬಂದು ನನ್ನ ಮೇಜಿನ ಮುಂದೆ ನಿಂತರು.

"ಅಣ್ಣಾರೇ, ಹೋದ ವರ್ಷ ಅರ್ಜಿ ಬರ್ಕೊಟ್ಟೋರು ಯಾರು ಅಂತ ನಿಮಗೇನಾರ ಗೊತ್ತೈತಾ? ನಂಗೂ ಹೇಳ್ಲಿಲ್ಲ ಅವ್ರು, ಎಷ್ಟು ಕೇಳಿದ್ರೂ ಹೇಳ್ಲಿಲ್ಲ."

"ಯಾಕಮ್ಮ?"

"ಆಸ್ಪತ್ರೆ ಕಾಗದದಾಗೆ ಹಾರ್ಟು ಅಂತ ಬರೆದವ್ರೆ. ಬಿಸ್ಲಿಗೆ ಸತ್ರು ಅಂತ ಅರ್ಜಿ ಬರೆಸ್ಬೇಕು. ಯಾರೂ ಬರ್ಕೊಡಾಕೆ ಒಪ್ವಲ್ರು. ಆ ಅರ್ಜಿ ಬರೆದೋರಾದ್ರೆ ಧೈರ್ಯಸ್ಥರು, ಬರೀತಾರೆ."

ಒಳಗಿನ ಕೋಣೆಯಲ್ಲಿ ಸಾಹುಕಾರರು ಕೆಮ್ಮಿದರು.

"ಗೊತ್ತಿಲ್ಲಮ್ಮ" ಎಂದೆ.