ಕುದ್ರುವಿನಲ್ಲಿ ಕುಳಿತು ನೌಕರಿ

ಬೆಳಿಗ್ಗೆ ಚಾರ್ಜರ್ ಹುಡುಕುತ್ತ ಹಳೆಯ ಲ್ಯಾಪ್‌ಟಾಪ್ ಚೀಲದ ಹಿಂದಿನ ಜೇಬಿಗೆ ಕೈ ಹಾಕಿದೆ. ಚಾರ್ಜರ್ ಸಿಗುವ ಮೊದಲು ಒಂದು ವಾಸನೆ ಸಿಕ್ಕಿತು. ಉಪ್ಪುನೀರಿನ ಕೆಸರು, ಒದ್ದೆ ಹಗ್ಗ, ಎಷ್ಟು ಹರವಿದರೂ ಒಣಗದ ಟವೆಲ್ಲು, ಇವೆಲ್ಲ ಕೂಡಿ ಸಂಸಾರ ಹೂಡಿದಂಥ ವಾಸನೆ. ಪುಣೆಯ ಕೋಥರೂಡಿನ ಮೂರನೇ ಮಹಡಿಯ ಒಣ ಬಿಸಿಲಿನಲ್ಲಿ ನಿಂತು ಅದನ್ನು ಮೂಸಿದ್ದರೆ ನೀವು ಚೀಲವನ್ನು ಆಗಲೇ ಗುಜರಿಯವನಿಗೆ ಕೊಟ್ಟುಬಿಡುತ್ತಿದ್ದಿರಿ. ನಾನು ಮತ್ತೊಮ್ಮೆ ಮೂಗು ತೂರಿಸಿದೆ.

ಚಾರ್ಜರ್ ಅಷ್ಟು ಅವಸರವಾಗಿ ಬೇಕಾದದ್ದು ಲೀಲಕ್ಕನ ದೆಸೆಯಿಂದ. ಫೋನಿನ ಆ ತುದಿಯಲ್ಲಿ ಅವರು ಮಾತಾಡುತ್ತಿದ್ದರು, ಈ ತುದಿಯಲ್ಲಿ ಬ್ಯಾಟರಿ ಕೊನೆಯುಸಿರು ಎಳೆಯುತ್ತಿತ್ತು.

“ಆ ಮನೆಯನ್ನು ಬೆಂಗಳೂರಿನವರು ಯಾರೋ ಕೇಳ್ತಾ ಇದ್ದಾರೆ ಮಾರಾಯ್ರೆ. ಒಂದು ವರ್ಷಕ್ಕೆ ಬೇಕಂತೆ. ನೀವು ಬರುವುದಾದ್ರೆ ಅವರಿಗೆ ಇಲ್ಲ ಅಂತೇನೆ. ಸಂಜೆಯೊಳಗೆ ಹೇಳಿ. ಆಮೇಲೆ ‘ಲೀಲಕ್ಕ, ಯೋಚನೆ ಮಾಡ್ತಾ ಇದ್ದೆ’ ಅಂತ ರಾಗ ಎಳೀಬೇಡಿ. ನಿಮ್ಮ ಯೋಚನೆ ನನಗೆ ಗೊತ್ತುಂಟು.”

ಲೀಲಕ್ಕ ನನ್ನ ಹಳೆಯ ಮನೆಯೊಡತಿ. ಅವರ ಮನೆ ಇರುವುದು ಕುದ್ರುವಿನಲ್ಲಿ. ಕುಂದಾಪುರದ ಕಡೆ ನದಿಗಳು ಸಮುದ್ರ ಸೇರುವ ಮುಂಚೆ ಸ್ವಲ್ಪ ಅನುಮಾನಿಸಿ ಅಗಲವಾಗುತ್ತವೆ. ಆ ಅನುಮಾನದ ನಡುವೆ ಉಳಿದುಕೊಂಡ ನೆಲವೇ ಕುದ್ರು: ಸುತ್ತ ನೀರು, ಮಧ್ಯೆ ತೆಂಗು, ಕೆಲವು ಮನೆಗಳು, ದಾಟಲು ಒಂದು ದೋಣಿ. ಕೆಲವು ವರ್ಷಗಳ ಹಿಂದೆ ನಾನು ಅಲ್ಲಿ ದೀಪಾವಳಿಯಿಂದ ಆಷಾಢದವರೆಗೆ ಇದ್ದೆ. ಒಬ್ಬಳೇ, ಪುಣೆಯ ಕಂಪನಿಯ ನೌಕರಿ ಮಾಡುತ್ತ. ಮತ್ತೆ ಹೋಗಬೇಕೋ ಬೇಡವೋ ಎಂಬುದು ಇವತ್ತು ಸಂಜೆಯೊಳಗೆ ತೀರ್ಮಾನವಾಗಬೇಕು. ಐವತ್ತು ದಾಟಿದ ಹೆಂಗಸು ಗಂಡನನ್ನು ಊರಲ್ಲಿ ಬಿಟ್ಟು ವರ್ಷವಿಡೀ ನೀರಿನ ಮಧ್ಯೆ ಹೋಗಿ ಕೂರುವುದು ಸಣ್ಣ ಮಾತಲ್ಲ. ಹೋಗದೆ ಇರುವುದೂ ನನಗೀಗ ಸಣ್ಣ ಮಾತಾಗಿ ಉಳಿದಿಲ್ಲ.

ನನ್ನ ಕೆಲಸವನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಸ್ವಭಾವ ನಿಮಗೆ ಅರ್ಥವಾಗುವುದಿಲ್ಲ. ಮಗರಪಟ್ಟಾದ ಒಂದು ಕಂಪನಿ ತಯಾರಿಸುವ ಸಾಫ್ಟ್‌ವೇರಿಗೆ ಬಳಕೆಯ ಸೂಚನೆಗಳನ್ನು ಬರೆಯುವವಳು ನಾನು. ಜನ ಎಲ್ಲಿ ತಪ್ಪು ಗುಂಡಿ ಒತ್ತಬಹುದು, ಒತ್ತಿದರೆ ಏನೇನು ಕೆಡಬಹುದು, ಕೆಟ್ಟ ಮೇಲೆ ಯಾರಿಗೆ ಬಯ್ಯಬಹುದು ಎಂದು ಮುಂಚೆಯೇ ಊಹಿಸುವುದಕ್ಕೆ ನನಗೆ ಸಂಬಳ. ಚಿಂತೆ ಮಾಡುವುದನ್ನೇ ಉದ್ಯೋಗ ಮಾಡಿಕೊಂಡ ಅದೃಷ್ಟವಂತರು ಕಡಿಮೆ. ತೊಂದರೆಯೆಂದರೆ ಸಂಜೆ ಲ್ಯಾಪ್‌ಟಾಪ್ ಮುಚ್ಚಿದ ಮೇಲೂ ಉದ್ಯೋಗ ನಿಲ್ಲುವುದಿಲ್ಲ. ಮಗಳು ಹಾಸ್ಟೆಲಿನಿಂದ ಫೋನು ಮಾಡಿ “ಅಮ್ಮಾ” ಎನ್ನುವಷ್ಟರಲ್ಲಿ ನಾನು ಆಸ್ಪತ್ರೆ ತಲುಪಿ, ವರದಿ ನೋಡಿ, ಡಾಕ್ಟರನ್ನು ಬದಲಿಸಿರುತ್ತೇನೆ.

ನಮ್ಮ ಯಜಮಾನರು ಇದಕ್ಕೆ ತದ್ವಿರುದ್ಧ. ವಿಜಯಪುರದ ಕಡೆಯವರು, ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ವ್ಯಾಪಾರ. ಅವರ ಬಳಿ ಜಗತ್ತಿನ ಎಲ್ಲ ಸಂಕಟಕ್ಕೂ ಒಂದೇ ಔಷಧವಿದೆ: “ಏನೂ ಆಗಂಗಿಲ್ಲ ತಗೋ.” ಭೂಕಂಪವಾದರೂ ಪಲಂಗದ ಕೆಳಗಿನಿಂದ ಇದೇ ಮಾತು ಕೇಳಿಬರುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಆ ವರ್ಷ ನಮ್ಮ ಪಕ್ಕದ ಹೌಸಿಂಗ್ ಸೊಸೈಟಿಯ ಕಟ್ಟಡವನ್ನು ಕೆಡವಿ ಹೊಸದಾಗಿ ಕಟ್ಟುತ್ತಿದ್ದರು. ಕಂಪನಿಯವರು ಆಫೀಸಿನ ಒಂದು ಮಹಡಿಯನ್ನೇ ಬಿಟ್ಟುಕೊಟ್ಟು, ಎಲ್ಲಿಂದಾದರೂ ಕೆಲಸ ಮಾಡಿ ಎಂದಿದ್ದರು. ಅವರು ಹೇಳಿದ ‘ಎಲ್ಲಿಂದಾದರೂ’ ನನ್ನ ಪಾಲಿಗೆ ಡ್ರಿಲ್ಲಿಂಗ್ ಯಂತ್ರದ ಪಕ್ಕದ ಮಲಗುವ ಕೋಣೆಯಾಗಿತ್ತು. ಮೀಟಿಂಗಿನಲ್ಲಿ ನಾನು ಬಾಯಿ ತೆರೆದರೆ ಗೋಡೆ ಮಾತಾಡುತ್ತಿತ್ತು. ಮೈಸೂರು ಕಡೆಯ ಹುಡುಗಿ ಸಿಂಧು ನನ್ನ ಸಹೋದ್ಯೋಗಿ. “ಮೇಡಂ, ನಮ್ಮ ಚಿಕ್ಕಮ್ಮಂದು ಒಂದು ಐಲ್ಯಾಂಡ್ ಮನೆ ಖಾಲಿ ಇದೆ. ಫುಲ್ ಸೈಲೆಂಟ್. ಟ್ರೈ ಮಾಡಿ ನೋಡಿ” ಎಂದು ತಮಾಷೆಗೆ ಹೇಳಿದಳು. ನಾನು ತಮಾಷೆಯನ್ನು ಗಂಭೀರವಾಗಿ ತೆಗೆದುಕೊಳ್ಳುವವಳು. ಆ ಚಿಕ್ಕಮ್ಮನೇ ಲೀಲಕ್ಕ.

ನಾನು ಹೊರಟಾಗ ಎದುರು ಮನೆಯ ಮರಾಠಿ ಕಾಕೂ ಲಿಫ್ಟಿನಲ್ಲಿ ನನ್ನ ಎರಡು ಸೂಟ್‌ಕೇಸುಗಳನ್ನು ನೋಡಿ, ದನಿ ತಗ್ಗಿಸಿ, “ಭಾಂಡಣ ಝಾಲಂ ಕಾ?” ಎಂದರು. ಜಗಳವಾಯಿತೇ ಎಂದು. ಇಲ್ಲ, ಕೆಲಸಕ್ಕೆ ಹೊರಟೆ ಎಂದೆ. ಅವರು ನನ್ನ ಕೈ ಹಿಡಿದು ಒತ್ತಿದ ರೀತಿಯಲ್ಲಿ, ಇಂಥ ಹೊತ್ತಿನಲ್ಲಿ ಎಲ್ಲ ಹೆಂಗಸರೂ ಹೀಗೇ ಹೇಳುತ್ತಾರೆ ಎಂಬ ಸಾಂತ್ವನವಿತ್ತು.

ಏಕಾಂತಕ್ಕೆಂದು ಹೋದವಳ ಕತೆ ಕೇಳಿ. ಮನೆ ಚೆಂದವಿತ್ತು, ಕಿಟಕಿ ತೆರೆದರೆ ನೀರು. ಆದರೆ ಮನೆಯೊಳಗೆ ಸಿಗ್ನಲ್ ಇರಲಿಲ್ಲ. ಇಡೀ ಕುದ್ರುವಿನಲ್ಲಿ ಇಂಟರ್ನೆಟ್ ಗಟ್ಟಿಯಾಗಿ ಸಿಗುವ ಜಾಗ ಒಂದೇ, ದೋಣಿಗೆ ಕಾಯುವವರು ಕೂರುವ ಕಟ್ಟೆ. ಮೇಲೊಂದು ತಗಡಿನ ಮಾಡು. ಬರಹದ ಕೆಲಸವನ್ನು ಮನೆಯಲ್ಲಿ ಮಾಡುತ್ತಿದ್ದೆ, ಮೀಟಿಂಗಿಗೆ ಮಾತ್ರ ಕಟ್ಟೆ. ಹೀಗಾಗಿ ಪೇಟೆಗೆ ಹೊರಟವರು, ಮೀನಿನ ಬುಟ್ಟಿಯವರು, ಶಾಲೆಗೆ ಹೋಗುವ ಮಕ್ಕಳು, ಎಲ್ಲರ ನಡುವೆ ಕುಳಿತು ನಾನು ಪುಣೆಯ ಆಫೀಸಿಗೆ ಹಾಜರಾಗುತ್ತಿದ್ದೆ. ಕೆಲವೇ ವಾರಗಳಲ್ಲಿ ಮಾತಿಗೊಮ್ಮೆ ಕೆಮ್ಮುವ ನನ್ನ ಮ್ಯಾನೇಜರ್ ಕುದ್ರುವಿಗೆಲ್ಲ ಪರಿಚಯದವನಾಗಿಬಿಟ್ಟ.

“ಇವತ್ತು ಆ ಕೆಮ್ಮುವ ಜನ ಬರ್ಲಿಲ್ವಾ?” ಎಂದು ದೋಣಿಯ ಶೀನ ವಿಚಾರಿಸುತ್ತಿದ್ದ.

“ರಜೆಯಲ್ಲಿದ್ದಾರೆ.”

“ಹಾಗಾದ್ರೆ ಬೇಗ ಮುಗೀತದೆ. ಕೂತ್ಕೊಳ್ಳಿ, ಕಾಯ್ತೇನೆ.”

ಲೀಲಕ್ಕ ಹಲಸಿನ ಬೀಜ ಸುಲಿಯುವ ನೆಪದಲ್ಲಿ ಪಕ್ಕದಲ್ಲೇ ಕೂರುತ್ತಿದ್ದರು. ನನ್ನ ಊಟ, ಉಡುಗೆ, ಕೆಲಸ ಯಾವುದೂ ಅವರ ಮನಸ್ಸಿಗೆ ಬರಲಿಲ್ಲ. “ಮೀನು ತಿನ್ನದವರು ಕುದ್ರುವಿಗೆ ಯಾಕೆ ಬಂದದ್ದು? ನೀರು ನೋಡ್ಲಿಕ್ಕಾ?” ಎಂದು ಮೊದಲ ದಿನವೇ ಕೇಳಿದ್ದರು. ಆದರೂ ಬಾಳೆದಿಂಡಿನ ಪಲ್ಯ ಮಾಡಿದ ದಿನ ಒಂದು ಬಟ್ಟಲು ನನ್ನ ಜಗಲಿಯ ಮೇಲೆ ಮುಚ್ಚಿಟ್ಟಿರುತ್ತಿತ್ತು.

ಇವತ್ತು ಬೆಳಿಗ್ಗೆಯಿಂದ ಮನಸ್ಸಿನಲ್ಲೇ ಲಾಭ ಒಂದು ಕಡೆ, ನಷ್ಟ ಒಂದು ಕಡೆ ಇಡಲು ನೋಡಿದೆ. ಒಂದೂ ಇಟ್ಟಲ್ಲಿ ನಿಲ್ಲಲಿಲ್ಲ. ದೋಣಿ ತಪ್ಪಿದರೆ ಪೇಟೆ ಇಲ್ಲ ಎಂಬುದು ನಷ್ಟ. ಆದರೆ ದೋಣಿ ತಪ್ಪಿದ ದಿನವೇ ಅಲ್ಲವೇ ನಾನು ಒಂದಿಡೀ ಅಧ್ಯಾಯ ಬರೆದು ಮುಗಿಸುತ್ತಿದ್ದುದು? ಎಲ್ಲರೂ ನನ್ನ ಮೀಟಿಂಗು ಕೇಳುತ್ತಾರೆ ಎಂಬುದು ನಷ್ಟ. ಆದರೆ ಅಷ್ಟು ಜನರ ಎದುರು “ಆಯ್ತು ಸಾರ್, ಆಯ್ತು ಸಾರ್” ಎನ್ನಲು ನಾಚಿಕೆಯಾಗಿ, ಜೀವಮಾನದಲ್ಲಿ ಮೊದಲ ಬಾರಿ ಮ್ಯಾನೇಜರಿಗೆ “ಈ ವಾರ ಆಗುವುದಿಲ್ಲ” ಎಂದದ್ದೂ ಆ ಕಟ್ಟೆಯ ಮೇಲೆಯೇ. ಹಪ್ಪಳ ಮೆತ್ತಗಾಗುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಲ್ಯಾಪ್‌ಟಾಪಿನ ಕೀಲಿಗಳ ನಡುವೆ ಉಪ್ಪು ಕೂರುತ್ತದೆ. ಇದಕ್ಕೆ ಇನ್ನೊಂದು ಮಗ್ಗುಲು ಇಲ್ಲ, ಇದು ಬರೀ ನಷ್ಟ. ಇನ್ನು ನೆರೆ ಬಂದರೆ, ಹಾವು ಬಂದರೆ, ಜ್ವರ ಬಂದರೆ ಎಂದು ನಾನು ಪುಣೆಯಿಂದ ಹೊತ್ತೊಯ್ದಿದ್ದ ಭಯಗಳು ಒಂದೊಂದಾಗಿ ನಿಜವಾಗಿಯೂ ಬಂದವು, ಹೋದವು. ಬಂದಾಗ ಮಾಡಬೇಕಾದದ್ದನ್ನು ನಾನು ಮಾಡಿದೆ. ಹಾವನ್ನು ಶೀನ ಓಡಿಸಿದ, ಆದರೆ ಕೋಲು ತಂದುಕೊಟ್ಟವಳು ನಾನು. ಇಷ್ಟು ಧೈರ್ಯ ನನ್ನಲ್ಲಿ ಎಲ್ಲಿತ್ತೋ ಎಂದು ನನಗೇ ಬೆರಗು.

ನಾನು ಊಹಿಸದೆ ಇದ್ದದ್ದು ಬೇರೆಯೇ ಇತ್ತು.

ಆಷಾಢದಲ್ಲಿ ನೀರು ಏರಿ ದೋಣಿ ನಿಂತಿತು. ಸಂಜೆ ಹೊತ್ತು ಕಟ್ಟೆಯ ಮೇಲೆ ಇರಚಲಿಗೆ ಕೊಡೆ ಹಿಡಿದು ಕುಳಿತು ಯಜಮಾನರಿಗೆ ವಿಡಿಯೋ ಕರೆ ಮಾಡುತ್ತಿದ್ದೆ. ಅವರು ಕೋಥರೂಡಿನ ಮನೆಯ ಸೋಫಾದಲ್ಲಿ ಕುಳಿತು ಚಹಾ ಕುಡಿಯುತ್ತ, ಎಂದಿನಂತೆ, “ಎಲ್ಲಾ ಆರಾಮ ಅದ. ಏನೂ ಆಗಿಲ್ಲ” ಎನ್ನುತ್ತಿದ್ದರು. ಒಂದು ದಿನ ಲೀಲಕ್ಕ ನನ್ನ ಹೆಗಲ ಮೇಲಿಂದ ಇಣುಕಿ, ದನಿ ತಗ್ಗಿಸುವ ಗೋಜಿಗೂ ಹೋಗದೆ ಕೇಳಿದರು:

“ನಿಮ್ಮವರು ಎಡಚರಾ?”

“ಅಲ್ಲವಲ್ಲ.”

“ಮತ್ತೆ ಎಂತಕ್ಕೆ ನಿತ್ಯ ಎಡಗೈಯಲ್ಲೇ ಚಾ ಕುಡಿಯುವುದು?”

ನಾನು ಪರದೆಯನ್ನು ನೋಡಿದೆ. ಮುಖ, ಲೋಟ, ಎಡಗೈ. “ಬಲಗೈ ತೋರಸ್ರಿ” ಎಂದೆ.

“ಯಾಕ? ಜ್ಯೋತಿಷ್ಯ ಕಲ್ತಿಯೇನು?”

“ತೋರಸ್ರಿ ಅಂದೆ.”

ಸ್ವಲ್ಪ ಹೊತ್ತಾದ ಮೇಲೆ ಚೌಕಟ್ಟಿನ ಕೆಳಗಿನಿಂದ ಬೆಳ್ಳಗಿನ ಪ್ಲಾಸ್ಟರು ಮೇಲೆದ್ದು ಬಂತು, ತಪ್ಪು ಮಾಡಿದ ವಿದ್ಯಾರ್ಥಿ ಕೈ ಎತ್ತಿದಂತೆ. ಗೋದಾಮಿನಲ್ಲಿ ಬೆಲ್ಲದ ಪಾಕ ಚೆಲ್ಲಿದ ನೆಲದ ಮೇಲೆ ಜಾರಿ ಬಿದ್ದಿದ್ದರು. ಮಣಿಕಟ್ಟು ಮುರಿದಿತ್ತು. ಹಿಂದಿನ ಅಮಾವಾಸ್ಯೆಯ ಮಾತು ಅದು. “ನೀ ಸುಮ್ಮನ ಚಿಂತಿ ಮಾಡ್ತಿ ಅಂತ ಹೇಳಲಿಲ್ಲ. ಹೇಳಿದ್ರೂ ಬರಾಕ ದೋಣಿ ಎಲ್ಲ್ಯದ?”

ಸಿಟ್ಟು ಬಂತು. ಆದರೆ ಪೂರ್ತಿ ಸಿಟ್ಟಾಗುವ ಯೋಗ್ಯತೆಯೂ ನನಗಿರಲಿಲ್ಲ. ಚೌಕಟ್ಟಿಗೆ ಬೇಕಾದಷ್ಟೇ ಬದುಕನ್ನು ತೋರಿಸುವ ವಿದ್ಯೆ ನನ್ನ ಕಸುಬಿನದು. ಮೀಟಿಂಗಿಗೆ ಮೇಲೆ ಇಸ್ತ್ರಿ ಮಾಡಿದ ಕುರ್ತಾ, ಕೆಳಗೆ ಮಾಸಿದ ಪೈಜಾಮ. ಮನೆಯ ಮಾಡು ಸೋರುತ್ತಿದ್ದರೂ ನಾನು ಅವರಿಗೆ ಕಟ್ಟೆಯ ಹಿಂದಿನ ಹೊಳೆಯನ್ನಷ್ಟೇ ತೋರಿಸಿ “ನೋಡ್ರಿ, ಎಷ್ಟ ಚೆಂದ!” ಎನ್ನುತ್ತಿದ್ದೆ. ನೀರಿನ ಈಚೆಗೆ ಒಬ್ಬಳು, ಆಚೆಗೆ ಒಬ್ಬರು, ಇಬ್ಬರೂ ಹೊಟ್ಟೆಯಿಂದ ಮೇಲಕ್ಕೆ ಸುಖವಾಗಿದ್ದೆವು. ಚಿಂತೆ ಮಾಡುವವರಿಗೆ ಯಾರೂ ಸುದ್ದಿ ಹೇಳುವುದಿಲ್ಲ. ಹತ್ತಿರವಿದ್ದರೆ ಕದ್ದು ನೋಡಬಹುದು. ದೂರವಿದ್ದರೆ ಅವರು ತೋರಿಸಿದ್ದೇ ಸತ್ಯ.

ನೀರು ಇಳಿದ ಮೊದಲ ದೋಣಿಗೇ ನಾನು ಹೊರಟು ಬಂದೆ. ಕೈ ಕೂಡಿತು, ಪಕ್ಕದ ಕಟ್ಟಡ ಎದ್ದು ನಿಂತಿತು, ಗದ್ದಲ ಅದರಾಚೆಯ ಸೊಸೈಟಿಗೆ ವರ್ಗವಾಯಿತು. ನಾನು ಮಾತ್ರ ಮತ್ತೆ ಹೋಗುವ ಮಾತೆತ್ತಲಿಲ್ಲ. ಯಾರಾದರೂ ಕೇಳಿದರೆ ಕುದ್ರುವಿನ ಹವೆ ಒಗ್ಗಲಿಲ್ಲ ಎನ್ನುತ್ತಿದ್ದೆ. ಹವೆ ಚೆನ್ನಾಗಿಯೇ ಒಗ್ಗಿತ್ತು.

ಮಧ್ಯಾಹ್ನ ಯಜಮಾನರು ಮಾರ್ಕೆಟ್ ಯಾರ್ಡಿನಿಂದ ಬಂದರು. ಊಟಕ್ಕೆ ಕುಳಿತಾಗ ಲೀಲಕ್ಕನ ಫೋನಿನ ವಿಷಯ ಹೇಳಿದೆ. ರೊಟ್ಟಿಯಿಂದ ತಲೆ ಎತ್ತದೆ, “ಹೋಗು. ಏನೂ ಆಗಂಗಿಲ್ಲ” ಎಂದರು.

“ಆ ಮಾತು ಬಿಡ್ರಿ. ನಾ ಹೋದ್ರ ನಿಮಗ ಹೆಂಗ ಆಗ್ತದ, ಅದನ್ನ ಹೇಳ್ರಿ.”

“ಹೇಳಿದ್ರ ನೀ ಹೋಗಂಗಿಲ್ಲ.”

“ಹೇಳದಿದ್ರ ಅಂತೂ ಹೋಗಂಗಿಲ್ಲ.”

ಅವರು ತುತ್ತನ್ನು ತಟ್ಟೆಯಲ್ಲೇ ಬಿಟ್ಟರು. ಮೂವತ್ತು ವರ್ಷ ಬೆಲ್ಲದ ದರ ಹೇಳಿದ ಬಾಯಿ ಮಾತಿಗಾಗಿ ತಡಕಾಡುವುದನ್ನು ನಾನು ಎಂದೂ ನೋಡಿರಲಿಲ್ಲ.

“ಭಾಳ ಬ್ಯಾಸರ ಆಗ್ತದ” ಎಂದರು. “ಸಂಜಿಗೆ ಮನಿಗೆ ಬರಾಕ ಮನಸ ಆಗಂಗಿಲ್ಲ. ಹೋದ ಸಲ ಅಂಗಡಿ ಕಟ್ಟಿ ಮ್ಯಾಲ ಸುಮ್ಮನ ಕುಂಡ್ರತಿದ್ದೆ. ಹಮಾಲರು ಹೋಗ್ರಿ ಸಾಹುಕಾರ್ರ ಮನಿಗೆ ಅಂತ ಎಬ್ಬಸ್ತಿದ್ರು.” ಬಿಟ್ಟ ತುತ್ತನ್ನು ಮತ್ತೆ ಎತ್ತಿಕೊಂಡು, “ಆದ್ರ ಅಲ್ಲಿಂದ ಮಾತಾಡ್ವಾಗ ನಿನ್ನ ದನಿ ಬ್ಯಾರೆನ ಇತ್ತು. ಗಟ್ಟಿ ಇತ್ತು. ಅದೂ ಖರೇನ. ಹೋಗು ನೀ. ಈ ಸಲ ಕೈ ಮುರದ್ರ ಮುರದದ ಅಂತೀನಿ. ಬ್ಯಾಸರಾದ್ರ ಬ್ಯಾಸರ ಅಂತೀನಿ. ಕೇಳಿ ತಡಕೊಳ್ಳಾಕ ಆಗ್ತದೇನ ನಿನಗ?”

ನಿಮಗೆ ವಿಚಿತ್ರವೆನಿಸಬಹುದು. ಆ ಮಾತು ಕೇಳಿ ನನ್ನ ಎದೆ ಹಗುರವಾಯಿತು. ಇಷ್ಟು ವರ್ಷ ‘ಏನೂ ಆಗಂಗಿಲ್ಲ’ದ ಹಿಂದೆ ಏನೇನು ಆಗುತ್ತಿರಬಹುದೆಂದು ಊಹಿಸಿಯೇ ನಾನು ಸುಸ್ತಾಗಿದ್ದೆ. ಈಗ ಒಂದು ನಿಜವಾದ ಬೇಸರ, ಕೈಕಾಲು ಇರುವಂಥದ್ದು, ನನ್ನೆದುರು ಊಟಕ್ಕೆ ಕುಳಿತಿತ್ತು. ಅದರ ಜೊತೆ ಬಾಳಬಹುದು.

“ಆಗ್ತದ” ಎಂದೆ. ಆಗುತ್ತದೆ ಎಂದು ನನಗೆ ಗೊತ್ತಿತ್ತು.

ಕೈ ತೊಳೆದು ಲೀಲಕ್ಕನಿಗೆ ಫೋನು ಮಾಡಿದೆ. ಮನೆ ನನಗೇ ಇರಲಿ ಎಂದೆ. ಅವರು, “ಇಷ್ಟು ಬೇಗ?” ಎಂದರು. “ಹುಷಾರಿದ್ದೀರಿ ಅಲ್ವಾ?”

ಸಂಜೆ ಯಜಮಾನರು ತಾವಾಗಿಯೇ ಅಡುಗೆಮನೆಗೆ ಬಂದು, ಇವತ್ತಿನಿಂದ ಪಲ್ಯ ಕಲಿಸು, ಮತ್ತೆ ಹೋಟೆಲಿನ ಡಬ್ಬಿ ತಿನ್ನಲಾರೆ ಎಂದರು. ಈಳಿಗೆ ಬೇಡ ಚಾಕು ಕೊಡು ಎಂದರು, ಎರಡು ಉಳ್ಳಾಗಡ್ಡಿ ತೆಗೆದುಕೊಂಡರು, ಕೋಪವಿದ್ದವರಂತೆ ಹೆಚ್ಚತೊಡಗಿದರು. ನಾನು ಒಗ್ಗರಣೆಗೆ ಎಣ್ಣೆ ಇಡುತ್ತ ಓರೆಯಾಗಿ ನೋಡಿದೆ. ಕನ್ನಡಕದ ಕೆಳಗಿನಿಂದ ಕಣ್ಣೀರು ಇಳಿದು ಮೀಸೆಯವರೆಗೆ ಬಂದಿತ್ತು. ನಾನು ನೋಡಿದ್ದನ್ನು ಅವರೂ ನೋಡಿದರು.

“ಅರ್ಧಾ ಅಷ್ಟ ಉಳ್ಳಾಗಡ್ಡಿದು” ಎಂದರು, ಹೆಚ್ಚುವುದನ್ನು ನಿಲ್ಲಿಸದೆ.