ಎದುರು ಕಿಟಕಿಯ ಆಸ್ಟರ್

ವಿದ್ಯಾರಣ್ಯಪುರಂನ ಮಹಡಿ ಮನೆಯ ಗಿರಿಜಾಂಬಾಗೆ ಐವತ್ತೆಂಟನೆಯ ವಯಸ್ಸಿನಲ್ಲಿ ಹೊಟ್ಟೆಕಿಚ್ಚು ಹತ್ತಿಕೊಂಡಿತು. ಕಾರಣ, ಎದುರು ಮನೆ ವಾಣಿಯ ಅಡುಗೆಮನೆ ಕಿಟಕಿ. ಮಹಿಳಾ ಸಂಘದವರು ದಸರೆಗೆ ಹೂಕುಂಡಗಳ ಸ್ಪರ್ಧೆ ಇಟ್ಟಿದ್ದರು. ಆಷಾಢದಲ್ಲಿ ಇಬ್ಬರೂ ಒಂದೇ ಪೊಟ್ಟಣದ ಆಸ್ಟರ್ ಹೂವಿನ ಬೀಜ ಹಂಚಿಕೊಂಡು, ಒಂದೇ ದಿನ ಟ್ರೇಗಳಲ್ಲಿ ಬಿತ್ತಿದರು. ಮೂರು ವಾರಕ್ಕೆ ವಾಣಿಯ ಸಸಿಗಳು ನಾಲ್ಕೆಲೆ ಬಿಟ್ಟು ನೆಟ್ಟಗೆ ನಿಂತವು. ಗಿರಿಜಾಂಬಾಳವು ಬುಡ ಕಪ್ಪಾಗಿ, ದಾರದಂತೆ ಸಣ್ಣಗಾಗಿ, ಒಂದೊಂದೇ ಮಲಗಿದವು.

ಮನೆಯಲ್ಲಿ ಯಾವುದಕ್ಕೂ ಅವಳ ಹೆಸರಿರಲಿಲ್ಲ. ಸ್ಪರ್ಧೆಯ ಒಂದು ಕುಂಡದ ಮೇಲಾದರೂ 'ಗಿರಿಜಾಂಬಾ' ಎಂಬ ಚೀಟಿ ನೋಡಬೇಕೆಂದಿದ್ದಳು.

ತಡೆಯಲಾರದೆ ಎದುರು ಮನೆಗೆ ಹೋದಳು. ವಾಣಿಯ ಗಂಡ ಯೋಗೇಂದ್ರ ಒಲೆಯ ಮೇಲೆ ಹಾಲಿಟ್ಟು, ಸಸಿಗಳ ಟ್ರೇಯನ್ನು ನೀರಿನ ತಟ್ಟೆಯೊಳಗೆ ಇಳಿಸುತ್ತಿದ್ದ.

"ಇದನ್ನೆಲ್ಲ ಇವರು ಮಾಡ್ತಾರಾ?" ಗಿರಿಜಾಂಬಾ ವಾಣಿಯನ್ನು ಕೇಳಿದಳು.

"ಮಾಡ್ದೆ ಏನು ಗಿರಿಜಕ್ಕ, ಅವರಿಗೂ ಎರಡು ಕೈ ಇಲ್ವಾ?" ವಾಣಿ ನಕ್ಕಳು. ಸಸಿಗಳಿಗಿಂತ ಆ ನಗುವೇ ಹೆಚ್ಚು ಉರಿಸಿತು. "ನಿಮ್ಮ ಸಸಿ ಮಲಗಿರೋದು ಕಿಟಕೀಲಿ ಕಾಣುತ್ತೆ. ಅದಕ್ಕೆ ನೀವೇನು ಹಾಕ್ತಿದ್ದೀರಿ?"

"ನಮ್ಮನೆಯೋರ ಪೂಜೆ ನೀರು ಕಣಮ್ಮ. ದಿನಾ ಒಂದು ಬಟ್ಟಲು."

"ಹಾಲು ಬೆರೆಸಿದ್ದಾ? ಅಯ್ಯೋ, ಅದಕ್ಕೇ ಕೊಳೀತಿರೋದು! ಇಪ್ಪತ್ತು ಸಸಿ ಕೊಡ್ತೀನಿ, ತಗೊಂಡೋಗಿ."

"ಬೇಡ ಬುಡು." ಗಿರಿಜಾಂಬಾ ಹೊರಟೇಬಿಟ್ಟಳು.

ಗಂಡ ಕರಿಬಸವಯ್ಯ ದಿನವೂ ಪೂಜೆ ಮುಗಿಸಿ, ಅಭಿಷೇಕದ ಬಟ್ಟಲನ್ನು ಅವಳ ಕೈಗಿತ್ತು ತಿಂಡಿಗೆ ಕೂರುತ್ತಿದ್ದರು. ಆ ನೀರನ್ನು ಸಿಂಕಿಗೆ ಚೆಲ್ಲುವಂತಿಲ್ಲ, ಗಿಡದ ಬುಡಕ್ಕೇ ಹಾಕಬೇಕು. ಹೆಂಚಿನ ಮೇಲಿನ ದೋಸೆ ಬಿಟ್ಟು ಕೆಳಗಿಳಿಯಲಾಗದೆ ಅವಳು ಸಸಿಗಳಿಗೇ ಸುರಿಯುತ್ತಿದ್ದಳು.

ಮರುದಿನ ಬಟ್ಟಲು ಬಂದಾಗ ಅವಳು ಕೈ ಚಾಚಲಿಲ್ಲ.

"ಪಾರ್ಕಲ್ಲಿ ಬಿಲ್ವದ ಗಿಡ ಇದೆ. ನೀವೇ ಹಾಕ್ಬುಟ್ಟು ಬನ್ನಿ."

"ಮಡಿ ಪಂಚೇಲಿ ಬೀದಿಗೆ ಹೋಗ್ಲಾ?"

"ಎದುರು ಮನೆ ವಾಣಿ ಗಂಡ ಹಾಲು ಕಾಯಿಸ್ತಾರೆ ಕಣ್ರೀ. ಅವರನ್ನ ನೋಡಿ ಯಾರೂ ನಕ್ಕಿಲ್ಲ."

ಅವರು ಗೊಣಗುತ್ತ ಮೆಟ್ಟಿಲಿಳಿದರು. ಗಿರಿಜಾಂಬಾ ಉಳಿದಿದ್ದ ಬೀಜವನ್ನು ಹೊಸ ಮಣ್ಣಿಗೆ ಉದುರಿಸಿದಳು. ದಸರೆಗೆ ಇವು ಅರಳುವುದಿಲ್ಲ. ಚೀಟಿ, ಬಹುಮಾನ ಎಲ್ಲ ವಾಣಿಗೇ. ನೆನೆದರೆ ಎದೆ ಇನ್ನೂ ಚುರುಗುಟ್ಟುತ್ತಿತ್ತು. ಕರಿಬಸವಯ್ಯ ವಾಪಸು ಬಂದು ತಿಂಡಿ ಕೇಳಿದರು.

"ಮಣ್ಣಲ್ಲಿದೆ ಕೈ," ಅಂದಳು. "ದೋಸೆ ನೀವೇ ಮಗುಚಿ ಹಾಕ್ಕೊಳ್ಳಿ."